ಡಬ್ಬದೊಳಗಿನ ಸದ್ದು ಯಾರದು? ಮನೆಯ ನಾಸ್ ರಿಪೇರಿ ಟಿಪ್ಪಣಿ

ನಾಸ್ ಅಂದರೆ ಮನೆಯ ಫೈಲುಗಳನ್ನೆಲ್ಲ ಒಂದೆಡೆ ಇಟ್ಟು ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೊಡುವ ಕಂಪ್ಯೂಟರು. ಮೊದಲು ಡಬ್ಬದ ವಿವರ. ಹಳೆಯ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್, ಒಳಗೆ ಯಾವುದೋ ಆಫೀಸಿನವರು ಮಾರಿದ ಡೆಸ್ಕ್‌ಟಾಪಿನ ಬೋರ್ಡು. 120 ಜಿಬಿ ಎಸ್‌ಎಸ್‌ಡಿ ಮೇಲೆ ಡೆಬಿಯನ್ ಲಿನಕ್ಸ್, ಅದರ ಮೇಲೆ ನಾಸ್ ನಡೆಸುವ ಓಪನ್‌ಮೀಡಿಯಾವಾಲ್ಟ್. ಡಿಸ್ಕ್ ಒಟ್ಟು ನಾಲ್ಕು: 8 ಟಿಬಿಯ ಎರಡು ಸೇರಿ ಒಂದು ಮಿರರ್ (ಎರಡರಲ್ಲೂ ಅದೇ ಪ್ರತಿ), 4 ಟಿಬಿಯ ಹಳೆಯವೆರಡು ಸೇರಿ ಇನ್ನೊಂದು. ಎರಡನ್ನೂ ಜೋಡಿಸಿರುವುದು ಲಿನಕ್ಸಿನದೇ ಎಂಡಿ ರೇಡ್, ಫೈಲ್‌ಸಿಸ್ಟಮ್ ಎಕ್ಸ್‌ಟಿ4. ದೊಡ್ಡ ಜೋಡಿಯಲ್ಲಿ ಮನೆಯ ಫೋಟೊ, ಮದುವೆ ಮುಂಜಿ ವಿಡಿಯೊ, ಅಪ್ಪನ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡು. ಸಣ್ಣ ಜೋಡಿಯಲ್ಲಿ ಬಾಗಿಲ ಮೇಲಿನ ಕ್ಯಾಮೆರಾದ ರೆಕಾರ್ಡಿಂಗು. ಡಬ್ಬ ಇದ್ದದ್ದು ಟಿವಿ ಶೋಕೇಸಿನ ಕೆಳಗಿನ ಖಾನೆಯಲ್ಲಿ, ರೂಟರ್ ಅಲ್ಲೇ ಇದೆ ಎಂಬ ಕಾರಣಕ್ಕೆ. ಗೋಡೆಯಾಚೆ ಮಲಗುವ ಕೋಣೆ.

ಹಗಲು ಬೆಂಗಳೂರಿನ ಬೀದಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ರಾತ್ರಿ 11 ದಾಟಿದ ಮೇಲೆ ಡಬ್ಬದ ಸರದಿ. ಕರಕರ, ಟಿಕ್ ಟಿಕ್, ಏರಿ ಇಳಿಯುವ ಒಂದು ಗುಂಯ್, ಯಾವಾಗಲೋ ಒಮ್ಮೆ ಎದೆ ಹಾರಿಸುವ ಹಾಗೆ ಟಕ್. "ರೀ, ಫೋಟೊ ಹೋದರೆ ಹೋಗಲಿ, ಇವತ್ತು ಅದನ್ನ ಆಫ್ ಮಾಡಿ ಮಲಗಿ" ಎಂದು ಮನೆಯಾಕೆ ಅಂದ ಮೇಲೆ ಈ ಕೆಲಸ ಶುರುವಾಯಿತು. ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಡಿಸ್ಕ್ ಟಕ್ ಅಂತಿದ್ದರೆ ಸಾಯುತ್ತಿದೆ ಅಂತ ಅರ್ಥ, ಹೊಸದು ತಗೊಳ್ಳಿ. 8 ಟಿಬಿಯದೊಂದಕ್ಕೆ ₹15,000 ದಾಟುತ್ತದೆ. ಯಾವ ಡಿಸ್ಕ್ ಎಂದು ಮಾತ್ರ ಯಾರೂ ಹೇಳಲಿಲ್ಲ.

1. ಕೈ ಹಾಕುವ ಮೊದಲು

ಸದ್ದು ಮಾಡುವ ಡಿಸ್ಕ್ ಸಾಯುತ್ತಿಲ್ಲ ಎಂದು ಖಚಿತವಾಗುವವರೆಗೆ ಅದು ಸಾಯುತ್ತಿದೆ ಎಂದೇ ನಡೆದುಕೊಳ್ಳಬೇಕು. ಮಿರರ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು. ತಪ್ಪಾಗಿ ಅಳಿಸಿದ ಫೈಲು ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಡಬ್ಬದೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಸುಟ್ಟರೆ ಎರಡೂ ಒಟ್ಟಿಗೇ ಸುಡಬಹುದು. ಹಾಗಾಗಿ ಬೇಕಾದದ್ದನ್ನೆಲ್ಲ ಒಂದು ಯುಎಸ್‌ಬಿ ಡಿಸ್ಕಿಗೆ ಇಳಿಸಿ ಬೀರುವಿನಲ್ಲಿಟ್ಟೆ.

ಆಮೇಲೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ಸ್ಮಾರ್ಟ್ ಲೆಕ್ಕವನ್ನು ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿ ನಾಲ್ಕೂ ಡಿಸ್ಕಿನ ಅಂಕಿಗಳನ್ನು ರಟ್ಟಿನ ಮೇಲೆ ಬರೆದುಕೊಂಡೆ. ಸಾಲು 5, ಸಾಲು 197, ಸಾಲು 198, ಅಂದರೆ ಕೆಟ್ಟು ಬದಲಾದ ಸೆಕ್ಟರು, ಓದಲು ಬಾರದೆ ಕಾದು ಕೂತ ಸೆಕ್ಟರು, ಪೂರ್ತಿ ಕೈಬಿಟ್ಟ ಸೆಕ್ಟರು: ನಾಲ್ಕರಲ್ಲೂ ಸೊನ್ನೆ. ಲಾಂಗ್ ಟೆಸ್ಟ್ ಹಚ್ಚಿದೆ. 8 ಟಿಬಿಯವಕ್ಕೆ ಹಗಲು ಸಾಲದೆ ರಾತ್ರಿಗೂ ಹೋಯಿತು. ಎಲ್ಲವೂ ಪಾಸು. ಆದರೆ ಎರಡು ಅಂಕಿ ಕಣ್ಣಿಗೆ ಚುಚ್ಚಿದವು. 4 ಟಿಬಿಯ ಒಂದು ಡಿಸ್ಕಿನಲ್ಲಿ 193ನೇ ಸಾಲು, ಓದಿ ಬರೆಯುವ ಹೆಡ್ ಎಷ್ಟು ಸಲ ತಟ್ಟೆ ಬಿಟ್ಟು ಪಕ್ಕಕ್ಕೆ ಹೋಗಿ ಪಾರ್ಕ್ ಆಯಿತು ಎಂಬ ಲೆಕ್ಕ, 2,41,000 ದಾಟಿತ್ತು. ಅದರ ಜೊತೆಯದೂ ಹೆಚ್ಚುಕಡಿಮೆ ಅಷ್ಟೇ. ಆ ಜೊತೆಯದರಲ್ಲಿ ಮಾತ್ರ 192ನೇ ಸಾಲು, ಕರೆಂಟು ಹಠಾತ್ತನೆ ಹೋಗಿ ಹೆಡ್ ಒಳಗೆಳೆದುಕೊಂಡ ಲೆಕ್ಕ, ಉಳಿದ ಮೂರಕ್ಕಿಂತ ಬಹಳ ಹೆಚ್ಚು. ನಾಲ್ಕೂ ಒಂದೇ ಕ್ಯಾಬಿನೆಟ್ಟಿನಲ್ಲಿವೆ, ಒಂದೇ ಯುಪಿಎಸ್ ಮೇಲಿವೆ. ಒಂದಕ್ಕೆ ಮಾತ್ರ ಕರೆಂಟು ಹೋಗುವುದು ಹೇಗೆ? ಆಗ ಇದಕ್ಕೆ ಒಂದು ಗೆರೆ ಎಳೆದು ಬಿಟ್ಟೆ, ಉತ್ತರ ಕೊನೆಯಲ್ಲಿ ಸಿಕ್ಕಿತು.

2. ಕಿವಿ, ಲಟ್ಟಣಿಗೆ, ಫೋನು

ಗ್ಯಾರೇಜಿನವರು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೊತ್ತಿ ಕೇಳುತ್ತಾರಲ್ಲ, ಅದೇ ವಿದ್ಯೆ ಇಲ್ಲೂ ನಡೆಯುತ್ತದೆ. ಲೋಹದ್ದು ಮಾತ್ರ ಬೇಡ: ಡಿಸ್ಕಿನ ಅಡಿಯ ಸರ್ಕ್ಯೂಟಿಗೆ ತಾಗಿದರೆ ಕಥೆ ಮುಗಿಯಿತು. ಅಡುಗೆಮನೆಯ ಸಣ್ಣ ಲಟ್ಟಣಿಗೆ ಸಾಕಾಯಿತು. ಮರ ಸದ್ದನ್ನು ಚೆನ್ನಾಗಿ ಒಯ್ಯುತ್ತದೆ, ತುದಿ ಮೊಂಡು, ಕರೆಂಟು ಹರಿಯದು. ಡಿಸ್ಕಿನ ಪಕ್ಕದ ಅಂಚಿಗೆ ಮೆಲ್ಲಗೆ ತಾಗಿಸಿದರೆ ಯಾವುದು ಟಿಕ್ ಅನ್ನುತ್ತಿದೆ, ಯಾವುದು ಸುಮ್ಮನೆ ತಿರುಗುತ್ತಿದೆ ಎಂಬುದು ಬೇರೆಬೇರೆಯಾಗಿ ಕೇಳುತ್ತದೆ. ಹೊರಗೆ ಕೂತು ಕೇಳಿದಾಗ ಎಲ್ಲವೂ ಒಂದೇ ಗೊಂದಲ.

ಫೋನಿನಲ್ಲಿ ಸ್ಪೆಕ್ಟ್ರಾಯ್ಡ್ ಎಂಬ ಆ್ಯಪ್ ಹಾಕಿಕೊಂಡೆ. ಸದ್ದನ್ನು ಹರ್ಟ್ಸ್ ಪ್ರಕಾರ ಬಿಡಿಸಿ ತೋರಿಸುತ್ತದೆ. ಲೆಕ್ಕ ಸುಲಭ: ನಿಮಿಷಕ್ಕೆ 5400 ಸುತ್ತು ಅಂದರೆ ಸೆಕೆಂಡಿಗೆ 90, ಹಾಗಾಗಿ 90 ಹರ್ಟ್ಸಿನಲ್ಲಿ ಒಂದು ಮೊನೆ. 7200 ಸುತ್ತಿನದಾದರೆ 120 ಹರ್ಟ್ಸ್. ನಮ್ಮ ಕರೆಂಟು 50 ಹರ್ಟ್ಸಿನದು, ಅದರ ಟ್ರಾನ್ಸ್‌ಫಾರ್ಮರಿನ ಗುಂಯ್ 100ರಲ್ಲಿ. ಮೊದಲ ರಾತ್ರಿ 100ರಲ್ಲಿ ದಪ್ಪ ಗೆರೆ ಕಂಡು ಎಸ್‌ಎಂಪಿಎಸ್ ಮೇಲೆ ಅನುಮಾನ ಬಂತು. ಅದು ಮೂಲೆಯಲ್ಲಿದ್ದ ಮನೆಯ ಇನ್ವರ್ಟರು. ಬೇರೆ ಕೋಣೆಯ ಫ್ರಿಜ್, ಇನ್ವರ್ಟರ್ ಎಲ್ಲವನ್ನೂ ಆಫ್ ಮಾಡಿಯೇ ಅಳತೆ ತೆಗೆಯಬೇಕು.

ಡೆಸಿಬೆಲ್ ಕೂಡ ಫೋನಿನಲ್ಲೇ ಅಳೆದೆ. ಆ ಅಂಕಿ ನಿಜವಾದ ಡೆಸಿಬೆಲ್ ಅಲ್ಲ, ಆದರೆ ಅದೇ ಫೋನು, ಅದೇ ದಿಂಬು, ಅದೇ ಹೊತ್ತು ಎಂದಿಟ್ಟುಕೊಂಡರೆ ಹೋಲಿಸಲು ಸಾಕು. ಶುರುವಿನಲ್ಲಿ ದಿಂಬಿನ ಮೇಲೆ 38.

3. ಫ್ಯಾನು

ಡಿಸ್ಕಿನ ಸದ್ದು ಎಂದುಕೊಂಡದ್ದರಲ್ಲಿ ಒಂದು ಪಾಲು ಫ್ಯಾನಿನದು. ಹಿಂದಿನ 92 ಮಿಮೀ ಫ್ಯಾನಿನ ವೈರು ಬಿಚ್ಚಿದ ಕೂಡಲೇ ಗೊರಗೊರ ನಿಂತಿತು. ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಸದ್ದು ಹೋಯಿತು, ಧೂಳು ಸೇರಿ ವಾರದೊಳಗೆ ವಾಪಸ್ ಬಂತು. ಎಸ್.ಪಿ. ರಸ್ತೆಯಲ್ಲಿ ₹650ಕ್ಕೆ ಹೊಸ ಫ್ಯಾನು ತಂದು ಹಾಕಿದೆ. ಸ್ಕ್ರೂ ಬದಲು ಅದರ ಜೊತೆ ಬಂದ ರಬ್ಬರ್ ಪಿನ್ನುಗಳನ್ನೇ ಬಳಸಿದೆ.

ಮುಂದಿನ 120 ಮಿಮೀ ಫ್ಯಾನು ಚೆನ್ನಾಗಿದೆ, ಆದರೆ ಅಳತೆಗೆ ಅಡ್ಡ. 7 ಎಲೆಯ ಫ್ಯಾನು ನಿಮಿಷಕ್ಕೆ 1000 ಸುತ್ತು ತಿರುಗಿದರೆ ಎಲೆಗಳ ಸದ್ದು 117 ಹರ್ಟ್ಸಿನ ಹತ್ತಿರ ಬೀಳುತ್ತದೆ, 7200 ಸುತ್ತಿನ ಡಿಸ್ಕಿನ ಪಕ್ಕಕ್ಕೇ. ಆದ್ದರಿಂದ ಮುಂದಿನ ಹಂತದ ಅಳತೆಗಳನ್ನೆಲ್ಲ ಅದನ್ನು ಐದು ನಿಮಿಷ ಬಿಚ್ಚಿಟ್ಟು ತೆಗೆದೆ. ಅಷ್ಟರಲ್ಲಿ ಡಿಸ್ಕ್ ಬಿಸಿಯೇರುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ಫ್ಯಾನಿಗೆ ಕೈ ಹಾಕಲಿಲ್ಲ, ನೀವೂ ಹಾಕಬೇಡಿ: ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆತ ಉಳಿದಿರುತ್ತದೆ.

4. ಏರಿಳಿಯುವ ಗುಂಯ್

ಇದು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದದ್ದು. ನಾಲ್ಕು ಸೆಕೆಂಡಿಗೊಮ್ಮೆ ಗುಂಯ್ ಜೋರಾಗಿ, ಮತ್ತೆ ಸಣ್ಣಗಾಗಿ, ಮತ್ತೆ ಜೋರು. ಒಂದೇ ಸಮನೆ ಇದ್ದರೆ ಕಿವಿ ಮರೆತುಬಿಡುತ್ತದೆ. ಏರಿಳಿದರೆ ಮರೆಯಲು ಬಿಡುವುದಿಲ್ಲ.

8 ಟಿಬಿಯವುಗಳ ಲೇಬಲ್ಲು, ಸ್ಮಾರ್ಟ್‌ಸಿಟಿಎಲ್ ಎರಡೂ ಹೇಳುವುದು 5400. ಸ್ಪೆಕ್ಟ್ರಾಯ್ಡಿನಲ್ಲಿ 90ರ ಮೊನೆ ಇತ್ತು, ಅದು ಹಳೆಯ 4 ಟಿಬಿಯವುಗಳದು. ಅದಕ್ಕಿಂತ ಎತ್ತರದ ಮೊನೆ 120ರಲ್ಲಿ. ಫ್ಯಾನು ಬಿಚ್ಚಿದರೂ ಅಲ್ಲೇ ಇತ್ತು. ಅಂದರೆ 5400 ಎಂದು ಬರೆದ ಡಿಸ್ಕು ತಿರುಗುತ್ತಿರುವುದು 7200ರಲ್ಲಿ. ಇದು ಹೊಸ ಸಂಗತಿಯೇನಲ್ಲ. 2020ರಲ್ಲೇ ಬಳಕೆದಾರರು ಹೀಗೇ ಮೈಕ್ ಇಟ್ಟು ಕೇಳಿ ಪತ್ತೆ ಹಚ್ಚಿದ್ದರು. 5400 ಎಂಬುದು ಸುತ್ತಿನ ಲೆಕ್ಕವಲ್ಲ, ಒಂದು 'ವರ್ಗ'ದ ಹೆಸರು ಎಂದು ತಯಾರಕರಿಂದ ಸಮಜಾಯಿಷಿ ಬಂದಿತ್ತು. ಓದುವ ಬರೆಯುವ ಕೆಲಸಕ್ಕೆ ನಷ್ಟವೇನಿಲ್ಲ. ಮಲಗುವ ಕೋಣೆಯ ಪಕ್ಕಕ್ಕೆಂದು 5400 ನೋಡಿ ಆರಿಸಿಕೊಂಡವರಿಗೆ ಮಾತ್ರ ನಷ್ಟ.

ಏರಿಳಿತ ಎಲ್ಲಿಂದ? ಎರಡು ಡಿಸ್ಕು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು 120.00, ಇನ್ನೊಂದು 119.75 ಹರ್ಟ್ಸ್ ಆದರೆ ಎರಡರ ಅದುರು ನಾಲ್ಕು ಸೆಕೆಂಡಿಗೊಮ್ಮೆ ಕೂಡಿ, ನಡುವೆ ಒಂದನ್ನೊಂದು ಕಳೆಯುತ್ತದೆ. ಫೋನಿನ ಆ್ಯಪಿಗೆ ಇಷ್ಟು ಸಣ್ಣ ವ್ಯತ್ಯಾಸ ಬೇರೆಬೇರೆಯಾಗಿ ಕಾಣದು, ಕಿವಿಗೆ ಕಾಣುತ್ತದೆ. ಪರೀಕ್ಷೆ: 8 ಟಿಬಿ ಜೋಡಿಯನ್ನು ಅನ್‌ಮೌಂಟ್ ಮಾಡಿ, ರೇಡ್ ನಿಲ್ಲಿಸಿ, ಡಿಸ್ಕಿಗೆ ಆಜ್ಞೆ ಕೊಡುವ ಎಚ್‌ಡಿಪಾರ್ಮ್‌ನ ಚಿಕ್ಕ 'ವೈ' ಆಯ್ಕೆಯಿಂದ ಒಂದು ಡಿಸ್ಕನ್ನು ಮಾತ್ರ ನಿಲ್ಲಿಸಿದೆ. ಗುಂಯ್ ಉಳಿಯಿತು, ಏರಿಳಿತ ಹೋಯಿತು. ಅದನ್ನು ತಿರುಗಿಸಿ ಇನ್ನೊಂದನ್ನು ನಿಲ್ಲಿಸಿದೆ. ಹಾಗೇ. ಎರಡೂ ತಿರುಗಿದಾಗ ಮತ್ತೆ ಏರಿಳಿತ. ಡಿಸ್ಕುಗಳಲ್ಲಿ ದೋಷವಿಲ್ಲ, ಅವುಗಳ ಜೊತೆಯಲ್ಲಿದೆ.

ಮತ್ತೊಂದು ಸಂಗತಿ ಅಕಸ್ಮಾತ್ ತಿಳಿಯಿತು. ವೈರು ತಿದ್ದಲೆಂದು ಓಡುತ್ತಿದ್ದ ಡಬ್ಬವನ್ನು ಎರಡು ಕೈಯಲ್ಲಿ ಅರ್ಧ ಇಂಚು ಎತ್ತಿದೆ, ಗುಂಯ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಡಬ್ಬಕ್ಕಿಂತ ಶೋಕೇಸೇ ಜೋರಾಗಿ ಹಾಡುತ್ತಿತ್ತು! ಟೊಳ್ಳು ಪ್ಲೈವುಡ್ಡಿನ ಖಾನೆ, ಹಿಂದೆ ತೆಳು ಹಲಗೆ: ತಂಬೂರಿಗೆ ಬುರುಡೆ ಮಾಡುವ ಕೆಲಸವನ್ನೇ ಅದು ಡಿಸ್ಕಿಗೆ ಮಾಡುತ್ತಿತ್ತು.

5. ರಬ್ಬರು, ಫೋಮು, ಕಲ್ಲು

ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸಿ ನಾಲ್ಕು ಮೂಲೆಗೆ ಇಟ್ಟದ್ದು ಮೊದಲ ಉಪಾಯ. ಖರ್ಚು ಸೊನ್ನೆ. ಆ ರಾತ್ರಿ ಚೆನ್ನಾಗಿತ್ತು. ಹತ್ತು ಕೆಜಿ ಭಾರಕ್ಕೆ ದಿನ ಕಳೆದಂತೆ ಚಪ್ಪಟೆಯಾಗಿ, ಗಟ್ಟಿಯಾಗಿ, ಮರದ ತುಂಡಿನಂತಾದವು.

ಎರಡನೆಯದು ಫೋಮು. ಮುಚ್ಚಿದ ಕಪಾಟಿನ ಒಳಗೋಡೆಗೆಲ್ಲ ಫೋಮ್ ಅಂಟಿಸಿ ಡಬ್ಬವನ್ನು ಒಳಗಿಟ್ಟು ಬಾಗಿಲು ಹಾಕಿದೆ. ಸದ್ದು ಹೋಯಿತು, ನಿಜ. ಏಪ್ರಿಲ್ ತಿಂಗಳು, ಕೋಣೆಯೇ 33 ಡಿಗ್ರಿ. ಎರಡು ಗಂಟೆಯಲ್ಲಿ ಮಧ್ಯದ ಡಿಸ್ಕು 52 ತೋರಿಸಿತು, ಇನ್ನೂ ಏರುತ್ತಲೇ ಇತ್ತು. ತಯಾರಕರು 60, 65ರವರೆಗೆ ನಡೆಯುತ್ತದೆ ಎನ್ನುತ್ತಾರೆ. ವರ್ಷಪೂರ್ತಿ ಓಡುವ ಡಿಸ್ಕನ್ನು ನಾನು 45ರ ಮೇಲೆ ಬಿಡುವುದಿಲ್ಲ. ಬಾಗಿಲು ತೆಗೆದೆ, ಸದ್ದು ವಾಪಸ್. ಫೋಮಿಗೆ ಹೋದ ₹400 ಹೋಯಿತು. ಗಾಳಿಯ ದಾರಿ ಮುಚ್ಚಿ ಸದ್ದು ಕಡಿಮೆ ಮಾಡುವ ಯಾವ ಉಪಾಯವೂ ನಾಸ್‌ಗೆ ಆಗಿಬರುವುದಿಲ್ಲ.

ಕೊನೆಗೆ ನಿಂತದ್ದು ಕಲ್ಲು. ಅಡುಗೆಮನೆ ಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ತುಂಡು, ಒಂದೂವರೆ ಅಡಿಗೆ ಒಂದೂಕಾಲು, 18 ಮಿಮೀ ದಪ್ಪ, ಎಂಟು ಕೆಜಿಯ ಮೇಲೆ. "ದೇವ್ರ ಮನೆಗಾ ಸಾರ್?" ಎಂದು ಕೇಳಿದ ಗ್ರಾನೈಟ್ ಅಂಗಡಿಯವನು ಅಂಚು ಉಜ್ಜಿಕೊಟ್ಟು ₹150 ತೆಗೆದುಕೊಂಡ. ಕೆಳಗೆ ವಾಷಿಂಗ್ ಮೆಷಿನ್ನಿಗೆ ಇಡುವ ರಬ್ಬರ್ ಪ್ಯಾಡು ನಾಲ್ಕು, ₹280. ಪ್ಯಾಡು, ಅದರ ಮೇಲೆ ಕಲ್ಲು, ಅದರ ಮೇಲೆ ಡಬ್ಬ. ಭಾರವಾದ ಕಲ್ಲನ್ನು ಅದುರಿಸುವ ಶಕ್ತಿ ಡಿಸ್ಕಿಗಿಲ್ಲ, ಉಳಿದದ್ದನ್ನು ಪ್ಯಾಡು ನೆಲಕ್ಕೆ ಬಿಡುವುದಿಲ್ಲ. ಶೋಕೇಸಿನಿಂದ ಇಳಿಸಿ ನೆಲದ ಮೇಲೇ ಇಟ್ಟೆ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು.

ಒಳಗೆ ಇನ್ನೊಂದು ಬದಲಾವಣೆ. 8 ಟಿಬಿಯ ಎರಡೂ ಅಕ್ಕಪಕ್ಕದ ಸ್ಲಾಟಿನಲ್ಲಿದ್ದವು. ಒಂದನ್ನು ಮೇಲಿನ, ಇನ್ನೊಂದನ್ನು ಕೆಳಗಿನ ತುದಿಗೆ ಹಾಕಿ ನಡುವೆ 4 ಟಿಬಿಯವನ್ನು ಇಟ್ಟೆ. ಸ್ಕ್ರೂವಿಗೂ ತಗಡಿಗೂ ನಡುವೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರು, ಒಳಗೊಂದು ಹೊರಗೊಂದು. ಇಲ್ಲೊಂದು ಎಚ್ಚರ: ಮೂರೂವರೆ ಇಂಚಿನ ಡಿಸ್ಕಿಗೆ ಬೇಕಾದದ್ದು 6-32 ಎಂಬ ದಪ್ಪ ತ್ರೆಡ್ಡಿನ ಸ್ಕ್ರೂ. ಎಸ್‌ಎಸ್‌ಡಿಗೆ ಹಾಕುವ ಎಂ3 ಸಡಿಲ ಬೀಳುತ್ತದೆ, ಬಲವಂತಕ್ಕೆ ಎಂ4 ತಿರುಗಿಸಿದರೆ ಡಿಸ್ಕಿನ ತ್ರೆಡ್ಡೇ ಹೋಗುತ್ತದೆ. ವಾಷರಿನ ದಪ್ಪಕ್ಕೆ ತಕ್ಕಷ್ಟು ಮಾತ್ರ ಉದ್ದದ್ದು ಬೇಕು. ಮೊದಲು ಸ್ಕ್ರೂಗಳನ್ನು ಪೂರ್ತಿ ಬಿಗಿದಿದ್ದೆ, ರಬ್ಬರು ಹಿಂಡಿಹೋಗಿ ಏನೂ ಪ್ರಯೋಜನವಾಗಲಿಲ್ಲ. ತಲೆ ರಬ್ಬರಿಗೆ ತಾಗಿದ ಮೇಲೆ ಅರ್ಧ ಸುತ್ತು, ಅಷ್ಟೇ.

ದಿಂಬಿನ ಮೇಲೆ 38 ಇದ್ದದ್ದು 31ಕ್ಕೆ ಬಂತು. ಏರಿಳಿತ ಡಬ್ಬಕ್ಕೆ ಕಿವಿ ಕೊಟ್ಟರೆ ಈಗಲೂ ಇದೆ, ಕೋಣೆಗೆ ಬರುವುದಿಲ್ಲ.

6. ಕರಕರ: ಡಿಸ್ಕಿಗೆ ಕೆಲಸ ಕೊಡುತ್ತಿರುವವರು ಯಾರು

ಗುಂಯ್ ಇಳಿದ ಮೇಲೆ ಕರಕರ ಎದ್ದು ಕೇಳತೊಡಗಿತು. ಇದು ಹೆಡ್ ಓಡಾಡುವ ಸದ್ದು. ಎಲ್ಲರೂ ಮಲಗಿದ ಮೇಲೆ ಯಾರಿಗಾಗಿ ಓಡುತ್ತಿದೆ ಎಂಬುದೇ ಪ್ರಶ್ನೆ. ಐಒಟಾಪ್ ಮತ್ತು ಫ್ಯಾಟ್ರೇಸ್ ಎರಡನ್ನು ಹಾಕಿಕೊಂಡೆ. ಮೊದಲನೆಯದು ಯಾವ ಪ್ರೋಗ್ರಾಂ ಎಷ್ಟು ಬರೆಯುತ್ತಿದೆ ಎನ್ನುತ್ತದೆ, ಎರಡನೆಯದು ಯಾವ ಫೈಲಿಗೆ ಎಂದು ಹೆಸರು ಹಿಡಿದು ಹೇಳುತ್ತದೆ.

8 ಟಿಬಿ ಜೋಡಿ ಆಗಷ್ಟೇ ಫಾರ್ಮ್ಯಾಟ್ ಮಾಡಿದ್ದು. ಎಕ್ಸ್‌ಟಿ4ಲೇಜಿಇನಿಟ್ ಎಂಬ ಹೆಸರು ಪಟ್ಟಿಯಲ್ಲಿ ಕಂಡಿತು. ಫಾರ್ಮ್ಯಾಟ್ ಬೇಗ ಮುಗಿಯಲೆಂದು ಎಕ್ಸ್‌ಟಿ4 ಐನೋಡ್ ಕೋಷ್ಟಕಗಳನ್ನು (ಫೈಲುಗಳ ವಿವರ ಬರೆದಿಡುವ ಜಾಗ) ಖಾಲಿ ಮಾಡುವ ಕೆಲಸವನ್ನು ಆಮೇಲಕ್ಕೆ ಇಟ್ಟುಕೊಂಡು, ಮೌಂಟ್ ಆದ ಮೇಲೆ ಸ್ವಲ್ಪಸ್ವಲ್ಪವೇ ಮಾಡುತ್ತದೆ. ಬಿಟ್ಟರೆ ತಾನೇ ಮುಗಿಯುತ್ತದೆ, ಮುಗಿಯಿತು. ಹೊಸ ಡಿಸ್ಕು ಹಾಕಿದ ದಿನವೇ ಸದ್ದು ಎಂದು ವಾಪಸ್ ಕೊಡಲು ಓಡುವವರು ಇದನ್ನೊಮ್ಮೆ ನೋಡಿ.

ಫೋಟೊಗಳಲ್ಲಿನ ಮುಖ ಗುರುತಿಸುವ ಪ್ರೋಗ್ರಾಂನ ಕಂಟೇನರು ರಾತ್ರಿ ಕೆಲಸ ಮಾಡುತ್ತಿತ್ತು, ಅದನ್ನು ಹಗಲಿಗೆ ಹಾಕಿದೆ. ಅದರ ಡೇಟಾಬೇಸನ್ನು ಎಸ್‌ಎಸ್‌ಡಿಗೆ ಸರಿಸಿದೆ. ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದ ಮೇಲೆ ಬೆಳಗಿನವರೆಗೆ ನಿಲ್ಲದ ಕರಕರ ಡೆಬಿಯನ್‌ನದೇ ಏರ್ಪಾಡು: ಎಂಡಿ ರೇಡ್‌ಗಳನ್ನು ಪೂರ್ತಿ ಓದಿ ಎರಡೂ ಪ್ರತಿ ಒಂದೇ ಇದೆಯೇ ಎಂದು ನೋಡುತ್ತದೆ. ಒಳ್ಳೆಯ ಕೆಲಸ, ನಿಲ್ಲಿಸಬಾರದು. ಭಾನುವಾರ ಬೆಳಗ್ಗೆ 9ಕ್ಕೆ ಬದಲಾಯಿಸಿದೆ. ಹಠಾತ್ ಆಫ್ ಆಗಿ ಎದ್ದ ಮೇಲೂ ಇಂಥದೇ ಸದ್ದು ಬರಬಹುದು. ಆಗ ಎಂಡಿಸ್ಟ್ಯಾಟ್ ತೆರೆದು ನೋಡಿದರೆ ಮರುಜೋಡಣೆ ಶೇಕಡಾ ಎಷ್ಟಾಯಿತು ಎಂದು ಬರೆದಿರುತ್ತದೆ.

ಉಳಿದದ್ದು ಕ್ಯಾಮೆರಾ. 193ನೇ ಸಾಲಿನ ಗುಟ್ಟು ಇಲ್ಲಿತ್ತು. ಹಳೆಯ 4 ಟಿಬಿ ಡಿಸ್ಕುಗಳು 8 ಸೆಕೆಂಡು ಕೆಲಸವಿಲ್ಲದಿದ್ದರೆ ಹೆಡ್ಡನ್ನು ಪಾರ್ಕ್ ಮಾಡುವ ಜಾತಿಯವು. ರಸ್ತೆಯಲ್ಲಿ ನಾಯಿ ಹೋದರೂ ಕ್ಯಾಮೆರಾ ಒಂದು ತುಣುಕು ಬರೆಯುತ್ತದೆ. ಹೆಡ್ ಇಳಿಯುತ್ತದೆ, ಬರೆಯುತ್ತದೆ, 8 ಸೆಕೆಂಡಿಗೆ ಟಿಕ್ ಎಂದು ಹೋಗಿ ಕೂರುತ್ತದೆ, ಅಷ್ಟರಲ್ಲಿ ಇನ್ನೊಂದು ನಾಯಿ. ಒಂದು ಗಂಟೆ ಎಣಿಸಿದೆ: 60 ಸಲ. ದಿನಕ್ಕೆ 1,440. ಇಂಥ ಡಿಸ್ಕುಗಳ ಡೇಟಾಶೀಟಿನಲ್ಲಿ ಹೆಡ್ ಪಾರ್ಕಿಂಗಿನ ಮಿತಿ 3 ಲಕ್ಷ ಅಥವಾ 6 ಲಕ್ಷ ಎಂದಿರುತ್ತದೆ. ಕ್ಯಾಮೆರಾ ಹಾಕಿಸಿ ಆರು ತಿಂಗಳೂ ಆಗಿಲ್ಲ, 2,41,000 ಆಗಿದೆ.

ಎಚ್‌ಡಿಪಾರ್ಮ್‌ನಲ್ಲಿ ಎಪಿಎಂ, ಅಂದರೆ ಡಿಸ್ಕಿನ ವಿದ್ಯುತ್ ಉಳಿತಾಯದ ಮಟ್ಟವನ್ನು 254ಕ್ಕೆ ಏರಿಸಲು ನೋಡಿದೆ, ಈ ಡಿಸ್ಕು ಆ ಆಜ್ಞೆಯನ್ನೇ ಒಪ್ಪಲಿಲ್ಲ. ಐಡಲ್3ಸಿಟಿಎಲ್ ಎಂಬ ಸಣ್ಣ ಸಲಕರಣೆ ಒಪ್ಪಿಸಿತು: ಟೈಮರ್ ಪೂರ್ತಿ ರದ್ದು. ರೀಸ್ಟಾರ್ಟ್ ಮಾಡಿದರೆ ಸಾಲದು, ಡಿಸ್ಕಿನ ಕರೆಂಟು ಪೂರ್ತಿ ಹೋಗಿ ಬಂದ ಮೇಲೆಯೇ ಅದು ಜಾರಿಗೆ ಬರುತ್ತದೆ. ಜೊತೆಗೆ ಕ್ಯಾಮೆರಾದ ತುಣುಕುಗಳು ಈಗ ಮೊದಲು ಎಸ್‌ಎಸ್‌ಡಿಗೆ ಬೀಳುತ್ತವೆ, ದಿನಕ್ಕೊಮ್ಮೆ ಬೆಳಗ್ಗೆ ಡಿಸ್ಕಿಗೆ ಹೋಗುತ್ತವೆ. 193ನೇ ಸಾಲು ಬಹುತೇಕ ನಿಂತಲ್ಲೇ ನಿಂತಿದೆ.

7. ಐದು ಸೆಕೆಂಡಿಗೊಂದು ಟಿಕ್

ಇದು 8 ಟಿಬಿಯವುಗಳದು, ಎರಡರದೂ. ಗಡಿಯಾರ ಹಿಡಿದು ನೋಡಿದರೂ ಐದು ಸೆಕೆಂಡು. ಎಕ್ಸ್‌ಟಿ4 ತನ್ನ ಜರ್ನಲನ್ನು (ಬದಲಾವಣೆಗಳ ದಿನಚರಿ) ಡಿಸ್ಕಿಗೆ ಇಳಿಸುವ ಅವಧಿ ಕೂಡ ಐದೇ ಸೆಕೆಂಡು, ಹಾಗಾಗಿ ಮೊದಲ ಅನುಮಾನ ಅದರ ಮೇಲೆ. ಮೌಂಟ್ ಆಯ್ಕೆಯಲ್ಲಿ ಕಮಿಟ್ ಅವಧಿ 60 ಮಾಡಿದೆ. ಟಿಕ್ ಐದಕ್ಕೇ ಬಂತು. ವಾಪಸ್ 5ಕ್ಕೆ ತಂದೆ. 60 ಇಟ್ಟರೆ ಕರೆಂಟು ಹೋದಾಗ ಒಂದು ನಿಮಿಷದ ಬರವಣಿಗೆ ಹೋಗುತ್ತದೆ, ಲಾಭ ಸೊನ್ನೆ.

ಊಹೆ ಸಾಕು ಎನಿಸಿ ಲೆಕ್ಕವನ್ನೇ ನೋಡಿದೆ. ಲಿನಕ್ಸಿನಲ್ಲಿ ಪ್ರತಿ ಡಿಸ್ಕಿಗೂ 'ಸ್ಟ್ಯಾಟ್' ಎಂಬ ಫೈಲಿದೆ, ಸಿಸ್‌ ಕೆಳಗೆ ಬ್ಲಾಕ್ ಕೆಳಗೆ. ಎಷ್ಟು ಓದು, ಎಷ್ಟು ಬರಹ ಎಂಬ ಎಣಿಕೆ ಅದರಲ್ಲಿ ಓಡುತ್ತಿರುತ್ತದೆ. ಅದನ್ನು ಸೆಕೆಂಡಿಗೊಮ್ಮೆ ತೆರೆಯ ಮೇಲೆ ಮೂಡಿಸಿ, ಅನ್‌ಮೌಂಟ್ ಮಾಡಿ, ರೇಡ್ ನಿಲ್ಲಿಸಿ, ಲಟ್ಟಣಿಗೆ ಕಿವಿಗೊತ್ತಿ ಕೂತೆ. ಅಂಕಿ ಒಂದೂ ಅಲುಗಲಿಲ್ಲ. ಟಿಕ್ ಮಾತ್ರ ಬರುತ್ತಲೇ ಇತ್ತು. ಮಷೀನ್ ಆಫ್ ಮಾಡಿ ಸಾಟಾ ಡೇಟಾ ಕೇಬಲ್ ಕಿತ್ತು, ಪವರ್ ಮಾತ್ರ ಕೊಟ್ಟು ಮತ್ತೆ ಆನ್ ಮಾಡಿದೆ. ಕಂಪ್ಯೂಟರಿನೊಡನೆ ಯಾವ ಸಂಬಂಧವೂ ಇಲ್ಲದ ಡಿಸ್ಕು ಈಗಲೂ ಟಿಕ್, ಐದು ಸೆಕೆಂಡು, ಟಿಕ್.

ಅಂದರೆ ಇದು ಡಿಸ್ಕಿನೊಳಗಿನ ಸ್ವಂತ ಪ್ರೋಗ್ರಾಂ, ಫರ್ಮ್‌ವೇರಿನದೇ ಕೆಲಸ. ಹೀಲಿಯಂ ತುಂಬಿದ ಕೆಲವು ದೊಡ್ಡ ಡಿಸ್ಕುಗಳು ಸುಮ್ಮನಿರುವಾಗ ಹೆಡ್ಡನ್ನು ಒಂದೇ ಜಾಗದ ಮೇಲೆ ನಿಲ್ಲಲು ಬಿಡುವುದಿಲ್ಲ. ತಟ್ಟೆಯ ಮೇಲೆ ಬಹಳ ತೆಳುವಾದ ಎಣ್ಣೆ ಪದರವೊಂದಿದೆ. ಹೆಡ್ ಒಂದೇ ಕಡೆ ನಿಂತರೆ ಅಲ್ಲಿ ಪದರ ಸವೆಯುತ್ತದೆ. ಅದಕ್ಕೆ ಡಿಸ್ಕು ಆಗಾಗ ಹೆಡ್ಡನ್ನು ಸರಿಸುತ್ತದೆ. ಡಿಸ್ಕು ಕೆಲಸದಲ್ಲಿದ್ದಾಗ ಈ ಟಿಕ್ ಇಲ್ಲ, ಸುಮ್ಮನಿದ್ದಾಗ ಮಾತ್ರ. ಇದನ್ನು ಆಫ್ ಮಾಡುವ ಸ್ವಿಚ್ಚು ಬಳಕೆದಾರನ ಕೈಗೆ ಕೊಟ್ಟಿಲ್ಲ. ಬದಲಿ ತರಿಸಿದರೆ ಬದಲಿಯೂ ಟಿಕ್ ಅನ್ನುತ್ತದೆ.

ನಿಲ್ಲಿಸಬೇಕೆಂದರೆ ಡಿಸ್ಕನ್ನೇ ನಿಲ್ಲಿಸಬೇಕು. ಎಚ್‌ಡಿಪಾರ್ಮ್‌ನಲ್ಲಿ ದೊಡ್ಡ 'ಎಸ್' ಆಯ್ಕೆಗೆ 120 ಕೊಟ್ಟರೆ ಹತ್ತು ನಿಮಿಷ, 241 ಕೊಟ್ಟರೆ ಅರ್ಧ ಗಂಟೆ, 242ಕ್ಕೆ ಒಂದು ಗಂಟೆ. ಈ ಲೆಕ್ಕ ವಿಚಿತ್ರ: 240ರವರೆಗೆ ಒಂದೊಂದಕ್ಕೆ ಐದು ಸೆಕೆಂಡು, ಆಮೇಲೆ ಒಂದೊಂದಕ್ಕೆ ಅರ್ಧ ಗಂಟೆ. 120 ಇಟ್ಟು ನೋಡಿದೆ. ಮನೆಯಲ್ಲಿ ಯಾರಾದರೂ ಫೋಟೊ ತೆರೆದರೆ ಡಿಸ್ಕು ಎದ್ದು ವೇಗ ಹಿಡಿಯುವವರೆಗೆ ತೆರೆ ಖಾಲಿ. ಅಮ್ಮ "ಕಂಪ್ಯೂಟರ್ ಕೆಟ್ಟಿದೆ ಕಣೋ" ಎಂದು ಫೋನು ಮಾಡಿದರು. ಮೇಲಾಗಿ ದಿನಕ್ಕೆ ಹತ್ತಾರು ಸಲ ನಿಂತು ಏಳುವುದು ಡಿಸ್ಕಿಗೂ ಹಿತವಲ್ಲ. ಈಗ 4 ಟಿಬಿಯವಕ್ಕೆ 242, 8 ಟಿಬಿಯವಕ್ಕೆ ನಿಲುಗಡೆ ಇಲ್ಲ. ಟಿಕ್ ಇರಲಿ.

8. ಎದೆ ಹಾರಿಸುವ ಟಕ್

ಅಪರೂಪದ್ದು, ಆದರೆ ನಿಜವಾದ ಅಪಾಯ ಇದೊಂದೇ ಆಗಿತ್ತು. ದೊಡ್ಡ ಟಕ್, ಒಂದು ಕ್ಷಣ ಮೌನ, ಆಮೇಲೆ ಡಿಸ್ಕು ಮೊದಲಿನಿಂದ ವೇಗ ಹಿಡಿಯುವ ಸುಂಯ್. ಒಮ್ಮೆ ಹೀಗಾದಾಗ ಕರ್ನಲ್ ಲಾಗು ತೆರೆದೆ: ಸಾಟಾ ಲಿಂಕ್ ಕಡಿಯಿತು, ರೀಸೆಟ್, ಮತ್ತೆ ಸಿಕ್ಕಿತು. ಮಿರರಿನಿಂದ ಆ ಡಿಸ್ಕು ಹೊರಬಿದ್ದಿತ್ತು. ಮತ್ತೆ ಸೇರಿಸಿದೆ, ಎಲ್ಲಿ ಬದಲಾಯಿತು ಎಂದು ಗುರುತಿಡುವ ಬಿಟ್‌ಮ್ಯಾಪ್ ಇದ್ದದ್ದರಿಂದ ಬದಲಾದ ಭಾಗವಷ್ಟೇ ನಕಲಾಗಿ ಬೇಗ ಮುಗಿಯಿತು. ರಟ್ಟು ನೋಡಿದರೆ 192ನೇ ಸಾಲು, 12ನೇ ಸಾಲು ಎರಡೂ ಒಂದೊಂದು ಏರಿವೆ. 12 ಎಂದರೆ ಡಿಸ್ಕಿಗೆ ಎಷ್ಟು ಸಲ ಕರೆಂಟು ಬಂತು ಎಂಬ ಎಣಿಕೆ. ಮಷೀನು ಆಫ್ ಆಗಿಲ್ಲ, ಡಿಸ್ಕಿಗೆ ಮಾತ್ರ ಕರೆಂಟು ಹೋಗಿ ಬಂದಿದೆ. ಆ ಟಕ್ ಅಂದರೆ ಕರೆಂಟು ಹೋದ ಗಳಿಗೆಯಲ್ಲಿ, ತಟ್ಟೆ ತಿರುಗುತ್ತಿರುವ ರಭಸದಿಂದಲೇ ವಿದ್ಯುತ್ ಪಡೆದು, ಡಿಸ್ಕು ಹೆಡ್ಡನ್ನು ಜೋರಾಗಿ ಒಳಗೆಳೆದುಕೊಳ್ಳುವ ಸದ್ದು.

ನಮ್ಮ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಸಾಲದೆ, ಹಳೆಯ ನಾಲ್ಕು ಪಿನ್ನಿನ ಮೊಲೆಕ್ಸಿನಿಂದ ಎರಡು ಸಾಟಾ ತೆಗೆಯುವ ಸ್ಪ್ಲಿಟರ್ ಹಾಕಿದ್ದೆ. ಖಚಿತ ಮಾಡಿಕೊಳ್ಳಲು ಅದರ ಎರಡು ಕವಲನ್ನು 4 ಟಿಬಿಯ ಎರಡು ಡಿಸ್ಕುಗಳ ನಡುವೆ ಅದಲುಬದಲು ಮಾಡಿದೆ. ಮುಂದಿನ ಸಲ ಟಕ್ ಬಂದದ್ದು ಇನ್ನೊಂದು ಡಿಸ್ಕಿನಿಂದ. ತೊಂದರೆ ಕೇಬಲಿನ ಜೊತೆ ಹೋಯಿತು, ಡಿಸ್ಕು ನಿರ್ದೋಷಿ. ಸ್ಪ್ಲಿಟರ್ ಬಿಚ್ಚಿ ನೋಡಿದರೆ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿತ್ತು.

ಪ್ಲಾಸ್ಟಿಕ್ಕನ್ನು ಕರಗಿಸಿ ಎರಕ ಹೊಯ್ದು ಮುಚ್ಚಿದ ಬಗೆಯ ಸ್ಪ್ಲಿಟರುಗಳಲ್ಲಿ ಒಳಗಿನ ತಂತಿಗಳು ಹತ್ತಿರ ಸರಿದು ಬಿಸಿಯಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. "ಮೋಲ್ಡ್ ಬೇಡ ಸಾರ್, ಪಿನ್ ಒತ್ತಿರೋದು ತಗೊಳ್ಳಿ" ಎಂದು ಎಸ್.ಪಿ. ರಸ್ತೆಯ ಅಂಗಡಿಯವನೇ ಹೇಳಿದ. ₹180. ಹಾಕಿದ ಮೇಲೆ 192ನೇ ಸಾಲು ಏರಿಲ್ಲ. ಮೂಗಿಗೆ ಸುಟ್ಟ ವಾಸನೆ ಬರುವವರೆಗೆ ಕಾಯಲಿಲ್ಲವಲ್ಲ ಎಂಬುದೇ ಈ ಇಡೀ ಕೆಲಸದ ಸಂಬಳ.

ಇದಲ್ಲದೆ ಇನ್ನೊಂದು ಟಕ್ ಇದೆ, ನಮ್ಮಲ್ಲಿ ಬರಲಿಲ್ಲ: ಎರಡು ಸೆಕೆಂಡಿಗೊಂದರಂತೆ ಒಂದೇ ಸಮನೆ ಟಕ್ ಟಕ್, ಡಿಸ್ಕು ಪಟ್ಟಿಯಲ್ಲೇ ಕಾಣದು, ಅಥವಾ ಲೋಹ ಉಜ್ಜಿದ ಕಿರ್ರ್. ಆಗ ಸ್ಪೆಕ್ಟ್ರಾಯ್ಡು, ಲಟ್ಟಣಿಗೆ ಏನೂ ಬೇಡ, ತಕ್ಷಣ ಕರೆಂಟು ತೆಗೆಯಿರಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಉಳಿಯಬಹುದಾದದ್ದೂ ಹೋಗುತ್ತದೆ. ಫ್ರೀಜರಿನಲ್ಲಿಟ್ಟು ತೆಗೆಯಿರಿ ಎನ್ನುವವರ ಮಾತು ಕೇಳಬೇಡಿ.

9. ಲೆಕ್ಕ

ಫ್ಯಾನು ₹650, ಫೋಮು ₹400 ದಂಡ, ಕಲ್ಲು ₹150, ಪ್ಯಾಡು ₹280, ಸ್ಪ್ಲಿಟರ್ ₹180, ಸ್ಕ್ರೂ ಚಿಲ್ಲರೆ ₹40. ಒಟ್ಟು ₹1,700. ಸೈಕಲ್ ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ. ಹೊಸ ಡಿಸ್ಕು ಒಂದೂ ಕೊಂಡಿಲ್ಲ.

ಬಾಕಿ ಇರುವ ಕೆಲಸ: 4 ಟಿಬಿ ಜೋಡಿಯ 193ನೇ ಸಾಲು ಇಷ್ಟು ಮೇಲಿರುವುದರಿಂದ ಅದರಲ್ಲಿ ಮುಖ್ಯವಾದದ್ದೇನನ್ನೂ ಇಡುತ್ತಿಲ್ಲ, ಕ್ಯಾಮೆರಾಕ್ಕಷ್ಟೇ. ಸ್ಪ್ಲಿಟರೇ ಬೇಡವಾಗುವಂತೆ ನಾಲ್ಕು ಸಾಟಾ ಪವರ್ ಇರುವ ಎಸ್‌ಎಂಪಿಎಸ್ ನೋಡುತ್ತಿದ್ದೇನೆ. ಸ್ಮಾರ್ಟ್ ಅಂಕಿಗಳ ರಟ್ಟು ಡಬ್ಬದ ಪಕ್ಕಕ್ಕೆ ಅಂಟಿಸಿದೆ, ತಿಂಗಳ ಮೊದಲ ಭಾನುವಾರ ಚೆಕ್ ಮುಗಿದ ಮೇಲೆ 5, 192, 193, 197 ಬರೆಯುವುದು.